ವಿಜ್ಞಾನ ವಿದುಷಿ ಡಾ॥ ಕಮಲಾ ಸೊಹೊನಿ

ಶಾಸ್ತ್ರಗ್ರಂಥಗಳ ಪಾಠವನ್ನು ಆರಂಭಿಸುವಾಗ ಅನುಬಂಧ ಚತುಷ್ಟಯದ ವಿಚಾರ ಮೊದಲು ಬರುತ್ತದೆ. ವಿಷಯವೇನು, ಪ್ರಯೋಜನವೇನು, ಅವೆರಡರ ಸಂಬಂಧವೇನು, ಈ ವಿದ್ಯೆಗೆ ಅಧಿಕಾರಿ ಯಾರು ಎಂಬ ನಾಲ್ಕು ಪ್ರಶ್ನೆಗಳನ್ನು ನಿರ್ಣಯಿಸಿಕೊಂಡ ಮೇಲೆಯೇ ಗುರುಗಳು ಗ್ರಂಥದೊಳಕ್ಕೆ ಪ್ರವೇಶಿಸುತ್ತಿದ್ದರು. ಈ ನಾಲ್ಕರಲ್ಲಿ ಕಡೆಯದೇ ತೊಡಕಿನದು. ವಿದ್ಯೆಯ ಬಯಕೆ ಮತ್ತು ಅದನ್ನು ಧರಿಸುವ ಶಕ್ತಿ ಇದ್ದವನೇ ಅಧಿಕಾರಿ ಎಂದು ಹೇಳುವುದು ಸುಲಭ. ಆದರೆ ಎಷ್ಟೋ ಹಳೆಯ ಪಾಠಶಾಲೆಗಳು ಈ ಲಕ್ಷಣವನ್ನು ಬಿಟ್ಟು ಬೇರೆ ಬೇರೆ ಕಾರಣಗಳಿಂದ ಜಿಜ್ಞಾಸುಗಳನ್ನು ಹೊಸಿಲಲ್ಲಿಯೇ ತಡೆದುದುಂಟು. ಅದು ಹಳೆಯ ಕಾಲದ ದೋಷ, ಹಳೆಯ ವಿದ್ಯೆಯ ದೋಷ ಎಂದು ಭಾವಿಸುವವರು 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದುದನ್ನು ಅರಿಯಬೇಕು.

ಶಾಮನೂರಿನ ಹೆಣ್ಣುಮಗಳೊಬ್ಬಳು ಇಂದು ಬಿ.ಎಸ್‌ಸಿ. ಮುಗಿಸಿ ತೊಳಹುಣಸೆಯ ಶಿವಗಂಗೋತ್ರಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆ ಹೊರಟರೆ ಅದು ಮನೆಯವರಿಗೆ ಸಂತೋಷದ ಸುದ್ದಿಯೇ ಹೊರತು ಊರಿಗೆ ಆಶ್ಚರ್ಯದ ಸುದ್ದಿಯಲ್ಲ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಸೇರಿ, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೆಂಬ ಸ್ವಂತ ಹೆಸರನ್ನು ಪಡೆದ ಆ ವಿದ್ಯಾಕೇಂದ್ರದ ಬಾಗಿಲಲ್ಲಿ ನೀನು ಹೆಣ್ಣಲ್ಲವೆ ಎಂದು ಕೇಳುವವರಿಲ್ಲ. ಸಂಶೋಧನೆಗೆಂದು ಬೆಂಗಳೂರಿಗೆ ಹೋದರೂ ಅಂಕಪಟ್ಟಿಯನ್ನು ನೋಡುತ್ತಾರೆ, ಸಂದರ್ಶನ ಮಾಡುತ್ತಾರೆ. ಈ ಸಹಜತೆ ತಾನಾಗಿಯೇ ಒದಗಿದುದಲ್ಲ. ಅದಕ್ಕಾಗಿ ಒಬ್ಬ ಇಪ್ಪತ್ತೆರಡು ವರ್ಷದ ತರುಣಿ ಕಚೇರಿಯೊಂದರ ಮುಂದೆ ಹಟ ಹಿಡಿದು ಕುಳಿತಿದ್ದಳು.

ಆಕೆ ಕಮಲಾ ಭಾಗವತ್. 1911ರಲ್ಲಿ ಇಂದೂರಿನಲ್ಲಿ ಜನನ. ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್, ಇಬ್ಬರೂ ರಸಾಯನಶಾಸ್ತ್ರಜ್ಞರು. ಇಬ್ಬರೂ ಬೆಂಗಳೂರಿನ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಅದೇ ಸಂಸ್ಥೆಯಲ್ಲಿ ಅಧ್ಯಯನ ಮಾಡಿದವರು. ಜೆಮ್‌ಷೆಟ್‌ಜಿ ಟಾಟಾ ಅವರ ಸಂಕಲ್ಪದಿಂದ, ಮೈಸೂರು ಅರಸರು ದಾನವಾಗಿ ಕೊಟ್ಟ ಭೂಮಿಯಲ್ಲಿ 1909ರಲ್ಲಿ ಸ್ಥಾಪನೆಯಾದ ಸಂಸ್ಥೆ ಅದು. ಸಂಶೋಧನೆಯೇ ಅಲ್ಲಿನ ಮುಖ್ಯ ಕಾರ್ಯ. ಹಿರಿಯರು ನಡೆದ ದಾರಿಯನ್ನೇ ಮಗಳೂ ಹಿಡಿದಳು. ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ರಸಾಯನಶಾಸ್ತ್ರವನ್ನು ಪ್ರಧಾನ ವಿಷಯವಾಗಿಯೂ ಭೌತಶಾಸ್ತ್ರವನ್ನು ಉಪವಿಷಯವಾಗಿಯೂ ಓದಿ ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು. ಆ ಅಂಕಗಳ ಬಲದಿಂದ ಬೆಂಗಳೂರಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಲು ಅರ್ಜಿ ಸಲ್ಲಿಸಿದರು. ಇಷ್ಟು ಅಂಕಗಳಿಗೆ ಪ್ರವೇಶ ದೊರೆಯುವುದರಲ್ಲಿ ಸಂಶಯವೇನೂ ಇರಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ಜಗದ್ವಿಖ್ಯಾತರಾಗಿ, 1933ರಲ್ಲಿ ಆ ಪೀಠಕ್ಕೆ ಬಂದ ಮೊದಲ ಭಾರತೀಯರು ಅವರು. ಸ್ತ್ರೀಯರು ಸಂಶೋಧನೆಗೆ ಸಮರ್ಥರಲ್ಲ, ಆದುದರಿಂದ ಸಂಸ್ಥೆಯಲ್ಲಿ ಅವರಿಗೆ ಸ್ಥಳವಿಲ್ಲ ಎಂಬುದು ಅವರ ನಿಲುವಾಗಿತ್ತು. ಅಂಕಪಟ್ಟಿಯ ಮಾತು ಅಲ್ಲಿ ಬರಲೇ ಇಲ್ಲ. ಬೆಳಕಿನ ಸೂಕ್ಷ್ಮಾತಿಸೂಕ್ಷ್ಮ ವ್ಯತ್ಯಾಸವನ್ನು ಕಂಡು ಹಿಡಿದ ಕಣ್ಣಿಗೆ ಎದುರಿಗೆ ನಿಂತ ಪ್ರತಿಭೆ ಕಾಣದೆ ಹೋದುದು ಸೋಜಿಗವೇ ಸರಿ. ಪ್ರಯೋಗವಿಲ್ಲದೆ ಯಾವ ಸಿದ್ಧಾಂತವನ್ನೂ ಒಪ್ಪದ ವಿಜ್ಞಾನಿ ಈ ಒಂದು ಸಿದ್ಧಾಂತವನ್ನು ಮಾತ್ರ ಪ್ರಯೋಗವಿಲ್ಲದೆಯೇ ಒಪ್ಪಿದ್ದರು.

ಕಮಲಾ ಹಿಂದಿರುಗಲಿಲ್ಲ. ಪ್ರವೇಶವನ್ನು ನಿರಾಕರಿಸಲು ಸಕಾರಣವನ್ನು ತೋರಿಸಬೇಕೆಂದು ಕೇಳಿದರು. ಗಾಂಧೀಜಿಯವರು ನಾಡಿಗೆ ಕಲಿಸಿಕೊಟ್ಟ ಮಾರ್ಗವನ್ನು ಹಿಡಿದು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕಡೆಗೆ ರಾಮನ್ ಅವರು ಮಣಿದರು. ಆದರೆ ಷರತ್ತುಗಳನ್ನು ಹಾಕಿಯೇ ಮಣಿದರು. ಮೊದಲ ಒಂದು ವರ್ಷ ಆಕೆಯನ್ನು ಕ್ರಮಬದ್ಧ ವಿದ್ಯಾರ್ಥಿಯೆಂದು ಪರಿಗಣಿಸಲಾಗುವುದಿಲ್ಲ. ಮಾರ್ಗದರ್ಶಕರು ಹೇಳಿದಾಗಲೆಲ್ಲ, ರಾತ್ರಿಯಾದರೂ ಸರಿಯೆ, ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು. ವರ್ಷದ ಕೊನೆಗೆ ಕೆಲಸ ತೃಪ್ತಿಕರವೆಂದು ನಿರ್ದೇಶಕರಿಗೆ ತೋರಿದರೆ ಮಾತ್ರ ಪ್ರವೇಶ ಸ್ಥಿರ.

ಇವುಗಳಲ್ಲಿ ಮೂರನೆಯ ಷರತ್ತೇ ಹೆಚ್ಚು ನೋಯಿಸುವಂಥದು. ಗಂಡುಹುಡುಗರ ಮನಸ್ಸು ಚಂಚಲವಾದರೆ ಅದರ ಹೊಣೆಯನ್ನೂ ಆಕೆಯ ತಲೆಗೇ ಕಟ್ಟಿದಂತಾಯಿತು. ಇಂತಹ ಷರತ್ತುಗಳಿಗೆ ಒಪ್ಪಿದುದು ಸರಿಯೆ ಎಂಬ ಪ್ರಶ್ನೆ ಏಳಬಹುದು. ಒಪ್ಪದೆ ಹೋಗಿದ್ದರೆ ಮಾನ ಉಳಿಯುತ್ತಿತ್ತು, ವಿದ್ಯೆ ತಪ್ಪುತ್ತಿತ್ತು. ಆಕೆಯ ಹಿಂದೆ ಬರಬೇಕಾದವರಿಗೂ ದಾರಿ ಮುಚ್ಚುತ್ತಿತ್ತು. ಕಮಲಾ ಅವರು ಅಪಮಾನವನ್ನು ನುಂಗಿಕೊಂಡರೇ ಹೊರತು ಅದನ್ನು ಅಪಮಾನವಲ್ಲವೆಂದು ಒಪ್ಪಿಕೊಳ್ಳಲಿಲ್ಲ. ವೃದ್ಧಾಪ್ಯದಲ್ಲಿಯೂ ಆ ದಿನವನ್ನು ನೆನೆದು, ರಾಮನ್ ದೊಡ್ಡ ವಿಜ್ಞಾನಿಯಾಗಿದ್ದರೂ ಆ ವಿಷಯದಲ್ಲಿ ಅವರ ದೃಷ್ಟಿ ಸಂಕುಚಿತವಾಗಿತ್ತೆಂದು, ತಮ್ಮನ್ನು ನಡೆಸಿಕೊಂಡ ರೀತಿಯನ್ನು ಎಂದಿಗೂ ಮರೆಯಲಾಗಲಿಲ್ಲವೆಂದು ನೇರವಾಗಿಯೇ ಹೇಳಿದರು.

ಈ ಕಥೆಯಲ್ಲಿ ನೆನೆಯಬೇಕಾದ ಇನ್ನೊಂದು ಹೆಸರು ಶ್ರೀನಿವಾಸಯ್ಯನವರದು. ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಕಮಲಾ ಅವರಿಗೆ ಮಾರ್ಗದರ್ಶಕರಾಗಿ ದೊರೆತ ಈ ಗುರುಗಳ ಹೆಸರನ್ನು ಇಂದು ನೆನೆಯುವವರು ಕಡಮೆ. ಗುರುಗಳು ಬಹಳ ಕಟ್ಟುನಿಟ್ಟು. ಬೆಳಗ್ಗೆ ಐದು ಗಂಟೆಗೆ ಆರಂಭವಾದ ಕೆಲಸ ರಾತ್ರಿ ಹತ್ತರವರೆಗೆ ನಡೆಯುತ್ತಿತ್ತು. ನಡುವೆ ಸಂಜೆ ಸ್ವಲ್ಪ ಹೊತ್ತು ಟೆನ್ನಿಸ್ ಆಟಕ್ಕೆ ಬಿಡುವು. ಆದರೆ ಆ ಬಿಗಿಯಲ್ಲಿ ಭೇದವಿರಲಿಲ್ಲ. ಜೀವರಸಾಯನಶಾಸ್ತ್ರದ ಮೂಲ ಲೇಖನಗಳನ್ನು ಓದಿಸಿದರು. ಸಂದೇಹ ಬಂದರೆ ಆ ಲೇಖನಗಳನ್ನು ಬರೆದ ವಿದ್ವಾಂಸರಿಗೇ ಪತ್ರ ಬರೆಯುವಂತೆ ಪ್ರೋತ್ಸಾಹಿಸಿದರು. ಸಂಶೋಧನ ವಿದ್ಯಾರ್ಥಿಗೆ ಇದಕ್ಕಿಂತ ಮಿಗಿಲಾದ ದೀಕ್ಷೆ ಇನ್ನಾವುದು? ಪರೀಕ್ಷೆಗಾಗಿ ಓದುವವನಿಗೆ ಪುಸ್ತಕವೇ ಪ್ರಮಾಣ. ಸಂಶೋಧಕನಿಗೆ ಪುಸ್ತಕ ಬರೆದವನೂ ಪ್ರಶ್ನೆಗೆ ಒಳಪಡತಕ್ಕವನು.

ಹಾಲು ಮತ್ತು ದ್ವಿದಳಧಾನ್ಯಗಳ ಸಸಾರಜನಕ, ಅಂದರೆ ಪ್ರೋಟೀನು, ಆಕೆಯ ಅಧ್ಯಯನದ ವಿಷಯ. ಬಡವನ ತಟ್ಟೆಯಲ್ಲಿ ಮೈಗೆ ಬಲ ಕೊಡುವ ಪದಾರ್ಥವೆಂದರೆ ಬೇಳೆಕಾಳು. ನಮ್ಮ ಸೀಮೆಯಲ್ಲಿ ಮುದ್ದೆಗಾಗಲಿ ರೊಟ್ಟಿಗಾಗಲಿ ಜೊತೆಯಾಗುವ ಹುರುಳಿ, ಅವರೆ, ತೊಗರಿ, ಹೆಸರುಗಳ ಗುಣವನ್ನು ಅಜ್ಜಿಯರು ಅನುಭವದಿಂದ ಬಲ್ಲರು. ಅದನ್ನು ತೂಗಿ ಅಳೆದು ಹೇಳುವ ವಿದ್ಯೆ ಆಗ ನಮ್ಮ ದೇಶದಲ್ಲಿ ಇನ್ನೂ ಎಳೆಯದು. ಒಂದು ವರ್ಷ ತುಂಬುವುದರೊಳಗೆ ನಿರ್ದೇಶಕರ ಸಂಶಯ ನಿವಾರಣೆಯಾಯಿತು, ಪ್ರವೇಶ ಸ್ಥಿರವಾಯಿತು. ಆ ಬಳಿಕ ಸಂಸ್ಥೆಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. ಸ್ವತಃ ರಾಮನ್ ಅವರ ಪ್ರಯೋಗಾಲಯದಲ್ಲಿಯೇ ಮುಂದೆ ಲಲಿತಾ ದೊರೈಸ್ವಾಮಿ, ಸುನಂದಾಬಾಯಿ, ಅನ್ನಾ ಮಣಿ ಮೊದಲಾದವರು ಕೆಲಸ ಮಾಡಿದರು. ಆ ಮಹನೀಯರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಆ ಕಾಲದಲ್ಲಿ ಬೆಂಗಳೂರಿನ ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರವಿರಲಿಲ್ಲ. ವಿಶ್ವವಿದ್ಯಾನಿಲಯಕ್ಕೆ ಸಮಾನವಾದ ಮಾನ್ಯತೆ ಅದಕ್ಕೆ ದೊರೆತದ್ದು 1958ರಲ್ಲಿ. ಅಲ್ಲಿಯವರೆಗೆ ಸಂಶೋಧನೆ ಅಲ್ಲಿ, ಪದವಿ ಬೇರೊಂದು ವಿಶ್ವವಿದ್ಯಾನಿಲಯದಲ್ಲಿ. ಕಮಲಾ ಅವರು 1936ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಿಂದ ಎಂ.ಎಸ್‌ಸಿ. ಪದವಿಯನ್ನು ವಿಶೇಷ ಯೋಗ್ಯತೆಯೊಂದಿಗೆ ಪಡೆದರು. ಈ ವ್ಯವಸ್ಥೆಯ ತೊಡಕು ಎಲ್ಲರಿಗೂ ಹೀಗೆ ಸುಗಮವಾಗಿ ಬಿಡಿಸಲಿಲ್ಲ. 1945ರಲ್ಲಿ ಅನ್ನಾ ಮಣಿಯವರು ವಜ್ರಗಳ ಕುರಿತ ತಮ್ಮ ಮಹಾಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದಾಗ, ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ನಿರಾಕರಿಸಲ್ಪಟ್ಟಿತು. ಪ್ರಬಂಧದಲ್ಲಿ ದೋಷವಿತ್ತೆಂದಲ್ಲ. ನಿಯಮ ವಿದ್ಯೆಯನ್ನು ಕಾಯಲು ಇರತಕ್ಕದ್ದು. ಕೆಲವೊಮ್ಮೆ ಅದು ವಿದ್ಯೆಯಿಂದ ತನ್ನನ್ನು ಕಾಯ್ದುಕೊಳ್ಳುತ್ತದೆ.

ಮುಂಬಯಿ ವಿಶ್ವವಿದ್ಯಾನಿಲಯದ ಶಿಷ್ಯವೇತನಗಳು ಕಮಲಾ ಅವರನ್ನು ಇಂಗ್ಲೆಂಡಿಗೆ ಕಳುಹಿಸಿದವು. ಯಾರೋ ದಾನಿಗಳು ಎಂದೋ ಇಟ್ಟ ನಿಧಿ, ತಾವು ಕಾಣದ ವಿದ್ಯಾರ್ಥಿನಿಯೊಬ್ಬಳ ಹಡಗಿನ ವೆಚ್ಚವಾಯಿತು. 1937ರ ಡಿಸೆಂಬರಿನಲ್ಲಿ ಕೇಂಬ್ರಿಜ್ ತಲಪುವ ಹೊತ್ತಿಗೆ ಪ್ರವೇಶದ ಕಾಲ ಮುಗಿದಿತ್ತು. ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದ ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರು, ಜೀವಸತ್ವಗಳ ವಿಷಯದಲ್ಲಿ 1929ರ ನೊಬೆಲ್ ಪಾರಿತೋಷಕ ಪಡೆದವರು, ಆಕೆಗೆ ಒಂದು ಮಾತು ಹೇಳಿದರಂತೆ: ಪ್ರಯೋಗಾಲಯದಲ್ಲಿ ಸ್ಥಳವಿಲ್ಲ, ಯಾರಾದರೂ ತಮ್ಮ ಸ್ಥಳವನ್ನು ಬಿಟ್ಟುಕೊಟ್ಟರೆ ಸೇರಿಸಿಕೊಳ್ಳಬಹುದು. ಡೆರೆಕ್ ರಿಕ್ಟರ್ ಎಂಬ ಸಂಶೋಧಕರು ಹಗಲಿನಲ್ಲಿ ತಮ್ಮ ಮೇಜನ್ನು ಬಿಟ್ಟುಕೊಟ್ಟು ತಾವು ರಾತ್ರಿ ಕೆಲಸ ಮಾಡುವುದಾಗಿ ಮುಂದೆ ಬಂದರು. ಬೆಂಗಳೂರಿನಲ್ಲಿ ರಾತ್ರಿ ದುಡಿಯಬೇಕೆಂಬ ಷರತ್ತಿಗೆ ಒಳಗಾದವರಿಗೆ ಕೇಂಬ್ರಿಜ್‌ನಲ್ಲಿ ಮತ್ತೊಬ್ಬರು ತಾವಾಗಿಯೇ ರಾತ್ರಿಯನ್ನು ವಹಿಸಿಕೊಂಡು ಹಗಲನ್ನು ದಾನಮಾಡಿದರು. ನ್ಯೂನ್‌ಹ್ಯಾಮ್ ಕಾಲೇಜಿನ ವಿದ್ಯಾರ್ಥಿನಿಯಾಗಿ ಅವರು ಅಲ್ಲಿ ನೆಲೆಗೊಂಡರು.

ರಿಕ್ಟರ್ ಅವರು ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರ ಮಾರ್ಗದರ್ಶನದಲ್ಲಿ ಸಸ್ಯಗಳ ಅಂಗಾಂಶಗಳ ಅಧ್ಯಯನ ನಡೆಯಿತು. ಆರಿಸಿಕೊಂಡದ್ದು ಆಲೂಗೆಡ್ಡೆ. ಪ್ರಾಣಿಗಳ ಜೀವಕೋಶದಲ್ಲಿ ಉಸಿರಾಟದ ಕ್ರಿಯೆಗೆ, ಎಂದರೆ ಆಹಾರವನ್ನು ಆಮ್ಲಜನಕದೊಡನೆ ಕೂಡಿಸಿ ಶಕ್ತಿಯನ್ನು ಹೊರತೆಗೆಯುವ ಕಾರ್ಯಕ್ಕೆ, ಸೈಟೋಕ್ರೋಮ್ ಎಂಬ ವರ್ಣದ್ರವ್ಯ ನೆರವಾಗುತ್ತದೆಂಬುದನ್ನು ಅದೇ ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ ಅವರು 1925ರಲ್ಲಿ ತೋರಿಸಿದ್ದರು. ಆಲೂಗೆಡ್ಡೆಯನ್ನು ಪರೀಕ್ಷಿಸುತ್ತಿದ್ದ ಕಮಲಾ ಅವರು ಸಸ್ಯಕೋಶದ ಉಸಿರಾಟದಲ್ಲಿಯೂ ಸೈಟೋಕ್ರೋಮ್ ಸಿ ಪಾತ್ರವಹಿಸುತ್ತದೆಂಬುದನ್ನು ಕಂಡರು. ಇದನ್ನು ನಿರೂಪಿಸಿದ ಮಹಾಪ್ರಬಂಧ ಕೇವಲ ನಲವತ್ತು ಪುಟಗಳದು. ಕೇಂಬ್ರಿಜ್ ಸೇರಿದ ಹದಿನಾಲ್ಕು ತಿಂಗಳಲ್ಲಿ ಸಿದ್ಧವಾಯಿತು. ಪುಟಗಳ ತೂಕದಿಂದ ಪಾಂಡಿತ್ಯವನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಬಿಟ್ಟಿಲ್ಲವಾದುದರಿಂದ ಈ ಸಂಖ್ಯೆಯನ್ನು ಇಲ್ಲಿ ಬರೆಯಬೇಕಾಯಿತು.

1939ರಲ್ಲಿ ಪಿಎಚ್.ಡಿ. ಲಭಿಸಿತು. ವಿಜ್ಞಾನ ವಿಷಯದಲ್ಲಿ ಈ ಪದವಿಯನ್ನು ಪಡೆದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಅವರ ಹೆಸರು ಬರುತ್ತದೆ. ಪಾಶ್ಚಾತ್ಯರನ್ನು ಹೊಗಳಿ ನಮ್ಮವರನ್ನು ತೆಗಳುವ ಆತುರದವರು ಇನ್ನೊಂದು ಸಂಗತಿಯನ್ನು ಮರೆಯಬಾರದು. 1948ರವರೆಗೆ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಹೆಣ್ಣುಮಕ್ಕಳಿಗೆ ಪದವಿಯ ನಾಮವನ್ನಷ್ಟೆ ಕೊಡುತ್ತಿತ್ತು. ಪದವೀಧರರಿಗೆ ಸಲ್ಲುವ ಪೂರ್ಣ ಸದಸ್ಯತ್ವದ ಹಕ್ಕನ್ನು ಕೊಡುತ್ತಿರಲಿಲ್ಲ. ಅಧಿಕಾರಿಯ ಪ್ರಶ್ನೆ ಅಲ್ಲಿಯೂ ಇನ್ನೂ ಬಗೆಹರಿದಿರಲಿಲ್ಲ.

ಅದೇ ವರ್ಷ ಸ್ವದೇಶಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅನಂತರ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ವಗಳ ಮೇಲೆ ಕೆಲಸ ಮಾಡಿದರು. 1947ರಲ್ಲಿ ಎಂ. ವಿ. ಸೊಹೊನಿಯವರೊಂದಿಗೆ ವಿವಾಹವಾಗಿ ಮುಂಬಯಿಗೆ ಬಂದು ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು; ಕಾಲಕ್ರಮದಲ್ಲಿ ಅದರ ನಿರ್ದೇಶಕರೂ ಆದರು. ಒಮ್ಮೆ ಬಾಗಿಲಲ್ಲಿ ತಡೆಯಲ್ಪಟ್ಟವರು ಈಗ ಪ್ರವೇಶ ಕೊಡುವ ಸ್ಥಾನದಲ್ಲಿದ್ದರು.

ಆ ಪ್ರಯೋಗಾಲಯದಲ್ಲಿ ನಡೆದ ಎರಡು ಕಾರ್ಯಗಳು ನಮ್ಮ ನಾಡಿನ ಅಡುಗೆಮನೆಗೆ ಹತ್ತಿರವಾದವು. ಒಂದು, ಅವರೆಕಾಳಿನದು. ಹಸಿಯ ಕಾಳುಗಳಲ್ಲಿ ಸಸಾರಜನಕದ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಪದಾರ್ಥಗಳಿವೆ. ಕರುಳಿನಲ್ಲಿ ಕೆಲಸ ಮಾಡುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಅವು ತಡೆಯುತ್ತವೆ. ಅವರೆಯಿಂದ ಈ ಪದಾರ್ಥವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವರದಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾಳನ್ನು ಚೆನ್ನಾಗಿ ಬೇಯಿಸಿಯೇ ತಿನ್ನಬೇಕೆಂಬ ಮನೆಯ ಹಿರಿಯರ ಕಟ್ಟಳೆಯ ಹಿಂದಿರುವ ಕಾರಣಗಳಲ್ಲಿ ಇದೂ ಒಂದು. ಇನ್ನೊಂದು, ನೀರಾದ್ದು. ತಾಳೆ, ಈಚಲು ಮರಗಳಿಂದ ಇಳಿಸಿದ, ಹುಳಿಯದ ಸಿಹಿರಸವೇ ನೀರಾ, ಹುಳಿತರೆ ಹೆಂಡ. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರ ಸೂಚನೆಯಂತೆ ಅದನ್ನು ಪರೀಕ್ಷಿಸಿ, ಅದರಲ್ಲಿ ಜೀವಸತ್ವಗಳೂ ಕಬ್ಬಿಣಾಂಶವೂ ಇವೆಯೆಂದೂ, ಗಿರಿಜನರ ಬಸುರಿ ಹೆಂಗಸರಿಗೆ ಮತ್ತು ಬೆಳೆಯುವ ಮಕ್ಕಳಿಗೆ ಅದು ಪೋಷಕವೆಂದೂ ತೋರಿಸಿಕೊಟ್ಟರು. ಇದಕ್ಕಾಗಿ ರಾಷ್ಟ್ರಪತಿಗಳ ಪ್ರಶಸ್ತಿ ಬಂದಿತು.

ನಿವೃತ್ತಿಯ ನಂತರ ಬಳಕೆದಾರರ ಮಾರ್ಗದರ್ಶನ ಸಂಘದಲ್ಲಿ ದುಡಿದರು. 1966ರಲ್ಲಿ ಮುಂಬಯಿಯ ಮಹಿಳೆಯರು ಕಟ್ಟಿದ ಸಂಘ ಅದು. ಕಲಬೆರಕೆಯ ಆಹಾರ, ಮೋಸದ ತೂಕ ಮುಂತಾದ ವಿಷಯಗಳನ್ನು ಕುರಿತು ಸಾಮಾನ್ಯ ಜನರಿಗೆ ತಿಳಿಯುವಂತೆ ಬರೆದರು. 1982–83ರಲ್ಲಿ ಅದರ ಅಧ್ಯಕ್ಷತೆಯನ್ನೂ ವಹಿಸಿದರು. ವಿಜ್ಞಾನಲೋಕ ಮಾತ್ರ ಅವರನ್ನು ಬಹುಮಟ್ಟಿಗೆ ಮರೆತಿತ್ತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಮೊದಲ ಮಹಿಳಾ ಮಹಾನಿರ್ದೇಶಕರಾದ ಡಾ॥ ಜಿ. ವಿ. ಸತ್ಯವತಿಯವರು ಈ ಹಿರಿಯ ಜೀವವನ್ನು ಗುರುತಿಸಿ ಗೌರವಿಸುವ ಏರ್ಪಾಡು ಮಾಡಿದರು. 1998ರಲ್ಲಿ ದೆಹಲಿಯಲ್ಲಿ ಸನ್ಮಾನದ ಸಭೆ ಕೂಡಿತು. ಸಭೆಯಲ್ಲಿಯೇ ಕಮಲಾ ಸೊಹೊನಿಯವರು ಕುಸಿದರು; ಕೆಲವೇ ದಿನಗಳಲ್ಲಿ, ಆ ವರ್ಷದ ಜೂನ್ ತಿಂಗಳಿನಲ್ಲಿ, ಕೀರ್ತಿಶೇಷರಾದರು.