ಹೊಳೆಯಿಂದ ಪಾರಾದ ನೆಹರೂ

ನವೆಂಬರ್ 14 ಬಂತೆಂದರೆ ನಮಗೆ ನೆಹರೂರವರ ನೆನಪು. 1889ರಲ್ಲಿ ಅಲಹಾಬಾದಿನಲ್ಲಿ ಜನಿಸಿದ ಅವರು 1905ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿ, ಹ್ಯಾರೋ ಶಾಲೆಯಲ್ಲಿಯೂ ಬಳಿಕ ಕೇಂಬ್ರಿಜ್‌ನಲ್ಲಿಯೂ ಕಲಿತರು.

1910ರಲ್ಲಿ ಪದವಿ ದೊರೆತ ಮೇಲೆ ರಜೆಯಲ್ಲಿ ನಾರ್ವೆ ದೇಶಕ್ಕೆ ಹೋಗಿ ಅಲ್ಲಿನ ಬೆಟ್ಟಗಳಲ್ಲಿ ಕಾಲ್ನಡಿಗೆಯಲ್ಲಿ ಸುತ್ತಿದರು. ದಣಿದು ಬೆವರಿ ಒಂದು ಸಣ್ಣ ಹೋಟೆಲು ಸೇರಿ ಸ್ನಾನಕ್ಕೆ ಕೇಳಿದರೆ, ಅಲ್ಲಿ ಅಂಥ ಏರ್ಪಾಡೇ ಇಲ್ಲ! ಚಿಕ್ಕ ವಸ್ತ್ರ ಕೊಟ್ಟು ಹತ್ತಿರದ ಹೊಳೆಗೆ ಹೋಗಿರೆಂದರು. ನೆಹರೂರವರೂ ಒಬ್ಬ ಆಂಗ್ಲ ತರುಣನೂ ನೀರಿಗಿಳಿದರು. ಆಳವೇನೂ ಇರಲಿಲ್ಲ. ಆದರೆ ಹಿಮನದಿಯಿಂದ ಭೋರ್ಗರೆದು ಬರುವ ನೀರು, ತಳವೆಲ್ಲ ಜಾರಿಕೆ. ನೆಹರೂರವರು ಬಿದ್ದೇಬಿಟ್ಟರು. ಕೈಕಾಲು ಮರಗಟ್ಟಿ, ಸೆಳೆತಕ್ಕೆ ಸಿಕ್ಕಿ ಕೊಚ್ಚಿಹೋಗತೊಡಗಿದರು. ಮಳೆಗಾಲದ ಹೊಳೆಯನ್ನು ಕಂಡಿರುವ ನಮಗೆ ಇದನ್ನು ಓದುವಾಗಲೇ ಮೈ ನಡುಗಿತು. ಗೆಳೆಯ ಹೇಗೋ ದಡ ಹತ್ತಿ, ಅಂಚಿನಲ್ಲೇ ಓಡಿ, ಅವರ ಕಾಲು ಹಿಡಿದು ಮೇಲೆಳೆದ. 200-300 ಗಜ ಮುಂದೆ ಆ ಹೊಳೆ ಪ್ರಪಾತಕ್ಕೆ ಧುಮುಕುತ್ತಿತ್ತೆಂಬುದು ಅನಂತರ ತಿಳಿಯಿತು.

ಕಾನೂನು ಓದಿ 1912ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. 1947ರಿಂದ 1964ರಲ್ಲಿ ತೀರಿಕೊಳ್ಳುವವರೆಗೂ ಪ್ರಧಾನಮಂತ್ರಿಯಾಗಿದ್ದರು. ಈ ಸಂಗತಿಯಿರುವ ಆತ್ಮಕಥೆಯನ್ನು ಅವರು ಬರೆದದ್ದು ಆಂಗ್ಲರ ಸೆರೆಮನೆಯಲ್ಲಿ ಕುಳಿತು. ಕಾಲು ಹಿಡಿದೆಳೆದ ಆ ಆಂಗ್ಲ ತರುಣನ ಹೆಸರು ಅದರಲ್ಲಿಲ್ಲ.