ಉಸಿರನ್ನು ಅಳೆದವನು

ಕಳೆದ ಮಾಗಿಯಲ್ಲಿ ನನ್ನ ಗೂರಲು ಉಲ್ಬಣಿಸಿದಾಗ ವೈದ್ಯರು ಒಂದು ಕೊಳವೆಯನ್ನು ಕೈಗಿತ್ತು, ಎದೆತುಂಬ ಉಸಿರೆಳೆದು ಒಮ್ಮೆಲೇ ಊದಬೇಕೆಂದರು. ಊದಿದೆನು. ನಾನು ಹೊರಬಿಟ್ಟ ಒಟ್ಟು ಗಾಳಿ ನನ್ನ ಎತ್ತರಕ್ಕೂ ವಯಸ್ಸಿಗೂ ತಕ್ಕಷ್ಟೇ ಇದ್ದಿತು. ಆದರೆ ಮೊದಲ ಸೆಕೆಂಡಿನಲ್ಲಿ ಹೊರಬಂದುದು ಅದರ ಅರ್ಧಕ್ಕಿಂತ ತುಸುವೇ ಹೆಚ್ಚು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಾದರೂ ಬರಬೇಕಂತೆ. ಕೊಡವೇನೋ ದೊಡ್ಡದೇ, ಕಂಠ ಮಾತ್ರ ಕಿರಿದಾಗಿದೆಯೆಂದು ತಿಳಿದುಕೊಂಡೆನು.

ಈ ಅಳತೆಗೆ ಶಾಸ್ತ್ರದ ನೆಲೆಯನ್ನು ಒದಗಿಸಿದವನಾರೆಂದು ಹುಡುಕಹೊರಟ ನನಗೆ ದೊರೆತವನು ಜಾನ್ ಹಚಿನ್‌ಸನ್. 1811ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿ ಹುಟ್ಟಿ, ಲಂಡನ್ನಿನಲ್ಲಿ ವೈದ್ಯವನ್ನು ಕಲಿತವನು. ಪಿಟೀಲು ನುಡಿಸುವುದರಲ್ಲಿಯೂ ಆಸಕ್ತನು. ಅವನ ಸ್ಪೈರೋಮೀಟರಿನ ರಚನೆ ಸರಳವಾದುದು. ನೀರಿನಲ್ಲಿ ಬೋರಲಿಟ್ಟ ಪಾತ್ರೆ. ರಾಟೆಯ ಮೇಲೆ ಹಾಯ್ದ ಹುರಿಗೆ ಕಟ್ಟಿದ ತೂಕಗಳು ಅದನ್ನು ಸಮತೋಲದಲ್ಲಿಡುವುವು. ಉಸಿರು ಒಳಹೊಕ್ಕಷ್ಟೂ ಪಾತ್ರೆ ಮೇಲೇಳುವುದು. ಪಕ್ಕದ ಅಳತೆಪಟ್ಟಿಯನ್ನು ಓದಿಕೊಂಡರಾಯಿತು.

ಈ ಯಂತ್ರದೊಳಗೆ ಆತನು ಊದಿಸಿದವರ ಸಂಖ್ಯೆ 2,130! ನಾವಿಕರು, ಪೋಲೀಸಿನವರು, ಬೆಂಕಿ ಆರಿಸುವವರು, ಮುದ್ರಣದ ಕೆಲಸಗಾರರು, ಕುಸ್ತಿಯವರು, ಕುಬ್ಜರು, ದೈತ್ಯಕಾಯರು, ದಿಕ್ಕಿಲ್ಲದ ಬಡವರು, ಸಭ್ಯಗೃಹಸ್ಥರು. ಫಲಿತಾಂಶವು 1846ರಲ್ಲಿ ಪ್ರಕಟವಾಯಿತು. ಎತ್ತರವು ಒಂದು ಅಂಗುಲ ಹೆಚ್ಚಿದರೆ ಉಸಿರು ಸುಮಾರು 8 ಘನ ಅಂಗುಲ ಹೆಚ್ಚುವುದೆಂದು ಆತನು ಕಂಡುಕೊಂಡನು. ಈ ಅಳತೆಗೆ ಆತನಿತ್ತ ಹೆಸರು ವೈಟಲ್ ಕೆಪಾಸಿಟಿ, ಎಂದರೆ ಜೀವಸಾಮರ್ಥ್ಯ. ಆತನು ಜೀವವಿಮಾ ಕಂಪನಿಯೊಂದರ ವೈದ್ಯನೂ ಆಗಿದ್ದನು. ಇಂತಹ ಅಳತೆಯಲ್ಲಿ ವಿಮೆಯವರಿಗೆ ಏಕೆ ಆಸಕ್ತಿಯೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ಕ್ಷಯವನ್ನು ಮೊದಲೇ ಗುರುತಿಸುವುದು ಆತನ ಹಂಬಲ. ಫ್ರೀಮನ್ ಎಂಬ ಅಮೆರಿಕದ ದೈತ್ಯ ಮಲ್ಲನನ್ನು 1842ರಲ್ಲಿ ಪರೀಕ್ಷಿಸಿದ್ದನು. ಎರಡು ವರ್ಷಗಳ ಅನಂತರ ಮತ್ತೆ ಊದಿಸಿದಾಗ ಅಳತೆ ಇಳಿದಿದ್ದಿತು. 1845ರಲ್ಲಿ ಆ ಮಲ್ಲನು ಕ್ಷಯದಿಂದ ತೀರಿಕೊಂಡನು. ಆ ಇಳಿಮುಖವಾದ ಅಂಕಿಗಳನ್ನು ಬರೆದುಕೊಳ್ಳುವಾಗ ಆತನಿಗೆ ಏನನ್ನಿಸಿತೋ!

ಆದರೆ ಹಚಿನ್‌ಸನ್ ಅಳೆದುದು ಎಷ್ಟು ಎಂಬುದನ್ನೇ ಹೊರತು ಎಷ್ಟು ಬೇಗ ಎಂಬುದನ್ನಲ್ಲ. ಗೂರಲಿನವನ ಕಷ್ಟವಿರುವುದು ಆ ಎರಡನೆಯದರಲ್ಲಿ. ಶ್ವಾಸನಾಳಗಳು ಕಿರಿದಾದಾಗ ಗಾಳಿ ತಡೆತಡೆದು, ಹತ್ತಾರು ಸೆಕೆಂಡುಗಳ ಕಾಲ ಸೋರುವುದು. ಸಾವಧಾನವಾಗಿ ಊದಿದ್ದರೆ ನಾನೂ ಅವನ ಪಾತ್ರೆಯನ್ನು ತಕ್ಕಷ್ಟು ಮೇಲೇರಿಸಿ, ನಿರೋಗಿಯೆನಿಸಿಕೊಂಡು ಮನೆಗೆ ಬರುತ್ತಿದ್ದೆನು. ಆ ರಾತ್ರಿ ಗೋಡೆಗೊರಗಿ ಕುಳಿತೇ ಬೆಳಗು ಮಾಡುತ್ತಿದ್ದೆನು. ಫ್ರಾನ್ಸಿನ ತಿಫನೋ ಮತ್ತು ಪಿನೆಲ್ಲಿ ಎಂಬವರು ಉಸಿರಿನ ಮೊದಲ ಸೆಕೆಂಡನ್ನು ಲೆಕ್ಕಕ್ಕೆ ತಂದುದು 1947ರಲ್ಲಿ, ಒಂದು ಶತಮಾನ ಕಳೆದ ಮೇಲೆ.

ಹಚಿನ್‌ಸನ್ನನು ಅಷ್ಟರಲ್ಲಿ ಎಂದೋ ಆ ದಾರಿಯನ್ನು ಬಿಟ್ಟಿದ್ದನು. 1852ರಲ್ಲಿ, ಕೀರ್ತಿ ಏರುತ್ತಿದ್ದಾಗಲೇ, ಮಡದಿ ಮಕ್ಕಳನ್ನು ಬಿಟ್ಟು ಆಸ್ಟ್ರೇಲಿಯದ ಚಿನ್ನದ ಗಣಿಗಳತ್ತ ಹಡಗು ಹತ್ತಿದನು. ಇದು ನನಗೆ ಇಂದಿಗೂ ಒಗಟು. 1861ರಲ್ಲಿ ಅಲ್ಲಿಂದ ಫಿಜಿ ದ್ವೀಪಕ್ಕೆ ಹೋದನು. ಅದೇ ವರ್ಷ ಅಲ್ಲಿಯೇ ಮಡಿದನು. ಆಗ ಅವನಿಗೆ ಐವತ್ತು ವರ್ಷ.

ಮುಂದಿನ ತಿಂಗಳು ನಾನು ಮತ್ತೆ ಊದಬೇಕಾಗಿದೆ.