ಸುರುಳಿಯೊಳಗಿನ ಕಿಡಿಯನ್ನು ಕಂಡ ಜೋಸೆಫ್ ಹೆನ್ರಿ

ಹೊಸಕೆರೆಹಳ್ಳಿ ಪರಿಸರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೈಕ್ರೋಕಂಟ್ರೋಲರಿನಿಂದ ನೀರಿನ ಪಂಪು ಚಾಲೂ ಮಾಡುವ ಪ್ರಾಜೆಕ್ಟ್ ಕೈಗೊಂಡಾಗ ಟ್ರಾನ್ಸಿಸ್ಟರಿಗೆ ರಿಲೇ ಸುರುಳಿಯನ್ನು ಜೋಡಿಸುವುದುಂಟು. ಸುರುಳಿಗೆ ಅಡ್ಡಲಾಗಿ ಪುಟ್ಟ ಡಯೋಡೊಂದನ್ನು ಇರಿಸುವುದೂ ಕಡ್ಡಾಯ. ಈ ರಿಲೇ ಮತ್ತು ಡಯೋಡಿನ ಅಗತ್ಯ, ಎರಡರ ಮೂಲವೂ ಅಮೆರಿಕದ ಉಪಾಧ್ಯಾಯನೊಬ್ಬನ ಬದುಕಿನಲ್ಲಿದೆ. ಆತನೇ ಜೋಸೆಫ್ ಹೆನ್ರಿ.

ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಬಡ ಕುಟುಂಬದಲ್ಲಿ 1797ರ ಡಿಸೆಂಬರ್ 17ರಂದು ಹೆನ್ರಿ ಜನಿಸಿದ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು, ಹದಿಮೂರರ ಹರೆಯದಲ್ಲಿ ಗಡಿಯಾರ ತಯಾರಕನ ಬಳಿ ಕೆಲಸ ಕಲಿಯಲು ಸೇರಿದ. ನಾಟಕದ ಗೀಳು ಹತ್ತಿದ್ದ ಈ ಹುಡುಗನನ್ನು ಆಕಸ್ಮಿಕವಾಗಿ ಕೈಗೆ ಸಿಕ್ಕ ವಿಜ್ಞಾನ ಪುಸ್ತಕವೊಂದು ಬೇರೆ ದಾರಿಗೆ ತಿರುಗಿಸಿತು. 1819ರಲ್ಲಿ ಆಲ್ಬನಿ ಅಕಾಡೆಮಿ ಶುಲ್ಕವಿಲ್ಲದೆ ಪ್ರವೇಶ ನೀಡಿತು. 1826ರಲ್ಲಿ ಅಲ್ಲಿಯೇ ಆತ ಪ್ರಾಧ್ಯಾಪಕನಾದ.

ತಂತಿಗೆ ರೇಷ್ಮೆ ಸುತ್ತಿ, ಹಲವು ಪದರಗಳ ಸುರುಳಿ ಮಾಡಿ ಪ್ರಬಲ ವಿದ್ಯುತ್ಕಾಂತಗಳನ್ನು ಆತ ನಿರ್ಮಿಸಿದ. ಯೇಲ್ ಕಾಲೇಜಿಗಾಗಿ 1831ರಲ್ಲಿ ತಯಾರಿಸಿದ ಕಾಂತವು 900 ಕಿಲೋಗ್ರಾಂಗೂ ಹೆಚ್ಚಿನ ಭಾರವನ್ನು ಎತ್ತಿತು. ಆದರೆ ಬೋಧನೆಯ ಹೊರೆಯಿಂದಾಗಿ ಪ್ರಯೋಗಗಳಿಗೆ ದೊರಕುತ್ತಿದ್ದುದು ಬಹುಪಾಲು ಬೇಸಿಗೆ ರಜೆ ಮಾತ್ರ. ವಿದ್ಯುತ್ಕಾಂತೀಯ ಪ್ರೇರಣೆಯನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರೂ ಪ್ರಕಟಿಸುವುದರಲ್ಲಿ ತಡವಾಯಿತು; ಕೀರ್ತಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಗೆ ಸಂದಿತು.

ಆದರೂ 1832ರ ಲೇಖನದಲ್ಲಿ ಹೆನ್ರಿ ಮತ್ತೊಂದು ಸಂಗತಿಯನ್ನು ದಾಖಲಿಸಿದ್ದ. ಉದ್ದ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಪ್ರಖರ ಕಿಡಿ ಹಾರುತ್ತದೆ. ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಬಲಗೊಳ್ಳುತ್ತದೆ. ಇದೇ ಸ್ವಪ್ರೇರಣೆ.

ಅದೇ ವರ್ಷ ಪ್ರಿನ್ಸ್‌ಟನ್ ಸೇರಿದ ಆತ, 1835ರ ಸುಮಾರಿಗೆ ದೂರದಿಂದ ಬಂದ ಕ್ಷೀಣ ವಿದ್ಯುತ್ತಿನಿಂದ ಪುಟ್ಟ ಕಾಂತವನ್ನು ಚಲಿಸಿ, ಪ್ರಬಲ ಕಾಂತವೊಂದರ ಮಂಡಲವನ್ನು ಕಡಿಯುವ ಏರ್ಪಾಟು ಮಾಡಿದ. ದೊಡ್ಡ ಕಾಂತ ಹಿಡಿದಿದ್ದ ಭಾರವು ಧಡ್ಡನೆ ನೆಲಕ್ಕುರುಳುತ್ತಿತ್ತು. ರಿಲೇಯ ತತ್ತ್ವ ಇದೇ. ಹೆನ್ರಿ ಪೇಟೆಂಟ್ ಪಡೆಯಲಿಲ್ಲ. ಇದೇ ತತ್ತ್ವವನ್ನು ಬಳಸಿಕೊಂಡ ಮೋರ್ಸ್‌ನ ಟೆಲಿಗ್ರಾಫ್ 1844ರಲ್ಲಿ ಜಗದ್ವಿಖ್ಯಾತವಾಯಿತು.

ಇಂದಿನ ಮಂಡಲದಲ್ಲಿಯೂ ಕಥೆ ಅದೇ. ಮೈಕ್ರೋಕಂಟ್ರೋಲರಿನ ಪಿನ್ ಸಾಮಾನ್ಯವಾಗಿ 20 ಮಿಲಿ ಆಂಪಿಯರ್ ಆಸುಪಾಸಿನಷ್ಟು ವಿದ್ಯುತ್ತನ್ನು ಕೊಡಬಲ್ಲದು. 5 ವೋಲ್ಟಿನ ಸಣ್ಣ ರಿಲೇ ಸುರುಳಿಗೆ ಸುಮಾರು 70 ಬೇಕು. ಈ ಕೊರತೆಯನ್ನು ಟ್ರಾನ್ಸಿಸ್ಟರ್ ತುಂಬುತ್ತದೆ. ಅದು ಬಂದ್ ಆದ ಕ್ಷಣ ಸುರುಳಿಯ ಕಾಂತಕ್ಷೇತ್ರ ಕುಸಿದು ನೂರಾರು ವೋಲ್ಟುಗಳವರೆಗೆ ಒತ್ತಡ ಏರಬಹುದು. ಬಿಸಿ 547ರಂಥ ಟ್ರಾನ್ಸಿಸ್ಟರಿನ ಮಿತಿ 45 ವೋಲ್ಟ್ ಮಾತ್ರ. ಕ್ಯಾಥೋಡ್ ತುದಿಯನ್ನು ಧನಾಗ್ರದ ಕಡೆಗಿಟ್ಟು ಜೋಡಿಸಿದ ಡಯೋಡ್ ಆ ಪ್ರವಾಹಕ್ಕೆ ಸುತ್ತಿ ಬರಲು ದಾರಿ ಕೊಟ್ಟು ಅನಾಹುತ ತಪ್ಪಿಸುತ್ತದೆ.

1846ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಪ್ರಥಮ ಕಾರ್ಯದರ್ಶಿಯಾದ ಹೆನ್ರಿ, 1878ರ ಮೇ 13ರಂದು ನಿಧನನಾಗುವವರೆಗೂ ಆ ಹೊಣೆಯನ್ನು ನಿರ್ವಹಿಸಿದ. 1893ರಲ್ಲಿ ಷಿಕಾಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ಪ್ರೇರಕತೆಯ ಮಾನಕ್ಕೆ ಹೆನ್ರಿ ಎಂದೇ ಹೆಸರಿಟ್ಟಿತು. ಬದುಕಿದ್ದಾಗ ತಡವಾಗಿ ಬರೆದು ಕಳೆದುಕೊಂಡ ಕೀರ್ತಿಯ ಒಂದು ಪಾಲು, ಹದಿನೈದು ವರ್ಷಗಳ ಬಳಿಕ ಹೀಗೆ ಮರಳಿ ಸಂದಿತು.